ಬೆಳಕಿನ ತುಡಿ

ಮಾನಂತವಾಡಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಮಡಿಲಲ್ಲಿ ತುಡಿ ಎಂಬ ಹಳೆಯ ಚರ್ಮವಾದ್ಯ. ಕಾಲೇಜು ಓದುವ ಮೊಮ್ಮಗಳು ಕಲ್ಪೆಟ್ಟದ ಬಸ್ಸಿನ ದಾರಿ ನೋಡುತ್ತ ನಿಂತಿದ್ದಳು.

“ಕಲ್ಪೆಟ್ಟದ ಮ್ಯೂಸಿಯಮ್ಮಲ್ಲಿ ತೆಗೆಯೋ ಹೊಲೊಗ್ರಾಮ್ ಬರೀ ಫೋಟೊ ಅಲ್ಲ ಅಜ್ಜಿ. ತಲೆ ಆಚೆ ಸರಿಸಿದ್ರೆ ತುಡಿಯ ಪಕ್ಕದ ಮೈಯೂ ಕಾಣುತ್ತೆ.”

“ಅದೆಂಗೆ ಶೀಜ?”

“ಲೇಸರ್ ಬೆಳಕನ್ನ ಎರಡು ಮಾಡ್ತಾರೆ. ಒಂದು ತುಡಿಗೆ ಬಡಿದು ಪ್ಲೇಟಿಗೆ ಬರುತ್ತೆ, ಇನ್ನೊಂದು ನೇರ ಬರುತ್ತೆ. ಎರಡೂ ಸೇರಿದ ಗುರುತು ಪ್ಲೇಟಲ್ಲಿ ಉಳಿಯುತ್ತೆ. ಆಮೇಲೆ ಅದಕ್ಕೆ ಲೇಸರ್ ಬಿಟ್ರೆ ತುಡಿ ಎದುರಿಗೇ ಇದ್ದಂಗೆ.”

“ಈ ತುಡಿ?”

“ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲಿ ಇಡ್ತಾರೆ. ಹೊಲೊಗ್ರಾಮ್ ನಮ್ಮ ಹಾಡಿಯ ಜನಕ್ಕೆ ಕೊಡ್ತಾರೆ.”

“ಅದನ್ನ ಬಡಿದ್ರೆ ಸದ್ದು ಬರುತ್ತಾ?”

“ಇಲ್ಲ. ಕೈ ಹಾಕಿದ್ರೆ ಬರೀ ಗಾಳಿ.”

“ಅವರ ಪೆಟ್ಟಿಗೇಲಿ ಯಾರೂ ಬಡಿಯಾಕಿಲ್ಲ. ಆ ಬೆಳಕಿನ ತುಡೀನೇ ಅಲ್ಲಿ ಇಟ್ಕೊಳ್ಲಿ. ನಮ್ಮಲ್ಲಿ ಸತ್ತೋರನ್ನ ಕಳಿಸಾಕೆ ಸದ್ದು ಬೇಕು.”

“ಅವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೀಯಲ್ಲ ಅಜ್ಜಿ!”

“ಪಟ ತೆಗೀಲಿ ಅಂತ ಒತ್ತಿದ್ದು. ತುಡಿ ಕೊಡಾಕಲ್ಲ.”

ಕಲ್ಪೆಟ್ಟದ ಬಸ್ಸು ಬಂತು. ಅಜ್ಜಿ ಎದ್ದು, ಅದನ್ನು ದಾಟಿ, ತಮ್ಮ ಹಾಡಿಯ ಕಡೆ ಹೋಗುವ ತೃಶ್ಶಿಲೇರಿಯ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು.

“ಅವರಿಗೆ ಏನು ಹೇಳ್ಲಿ?”

“ಲೇಸರ್ ಹೊತ್ಕೊಂಡು ಹಾಡಿಗೆ ಬರಾಕೆ ಹೇಳು.”

ಶೀಜ ಹಿಂದೆಯೇ ಹತ್ತಿದಳು. ಬಸ್ಸು ತಿರುವು ದಾಟುವವರೆಗೂ ಒಳಗಿಂದ ತುಡಿ ಕೇಳಿಸುತ್ತಿತ್ತು.