ಪಂಪ್ ಬಾವಿಯಿಂದ ಎರಡು ಏಟು

ರಾತ್ರಿ ಹತ್ತೂ ಇಪ್ಪತ್ತು. ನಮ್ಮ ಇರುವೆ ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ರಸ್ತೆ ತಿರುಗುವಲ್ಲಿ, ಎಡಗಡೆಗೆ, ಬಾವಿ...

ಬಾವಿ ಅಂದ ತಕ್ಷಣ ಹಗ್ಗ, ರಾಟೆ, ಪಕ್ಕದಲ್ಲೊಂದು ಆಲದ ಮರ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಇದು ಪಂಪ್ ಬಾವಿ. ಊರಿನ ಚರಂಡಿ ನೀರೆಲ್ಲ ಬಂದು ಬೀಳುವ ಕಾಂಕ್ರೀಟ್ ಗುಂಡಿ. ಅಲ್ಲಿಂದ ಪಂಪುಗಳು ನೀರನ್ನು ಎತ್ತಿ ಶುದ್ಧೀಕರಣ ಘಟಕಕ್ಕೆ ತಳ್ಳುತ್ತವೆ. ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಮರ ಗಿರ ಏನೂ ಇಲ್ಲ. ಪಕ್ಕದಲ್ಲಿ ದೀಪದ ಕಂಬ ಇತ್ತು, ದೀಪ ಉರೀತಾನೂ ಇತ್ತು. ಕತ್ತಲಲ್ಲಿ ಏನೋ ನೋಡಿ ಹೆದರಿದಳು ಅಂತ ಯಾರೂ ಹೇಳೋ ಹಾಗಿಲ್ಲ.

ಇರುವೆ ಅಂದರೆ ನನ್ನ ಚಿಕ್ಕಮ್ಮನ ಮಗಳು. ಕೂತಲ್ಲಿ ಕೂರೋಳಲ್ಲ, ಅದಕ್ಕೇ ಚಿಕ್ಕಂದಿನಿಂದ ಆ ಹೆಸರು. ಕೊಳಚೆ ನೀರು ಶುದ್ಧ ಮಾಡುವ ಕೆಲಸದ ತರಬೇತಿಗೆ ಬಂದು ಆ ವರ್ಷ ನಮ್ಮ ಮನೆಯಲ್ಲೇ, ನನ್ನ ಕೋಣೆಯಲ್ಲೇ ಇದ್ದಳು. ಮೂರು ತಿಂಗಳ ತರಬೇತಿ. ಕೊನೆಗೊಂದು ಪರೀಕ್ಷೆ. ಪಾಸಾದರೆ ಆಪರೇಟರ್ ಕೆಲಸ.

ಚಿಕ್ಕಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ.

"ಕೆಮಿಸ್ಟ್ರಿ ಓದಿ ಗಟಾರ ತೊಳೆಯೋಕೆ ಹೋಗ್ತೀಯಾ? ಮೂರೇ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಮನೆಗೆ ಬರ್ಬೇಕು."

"ನಾನೆಲ್ಲಿ ತೊಳೀತೀನಮ್ಮಾ? ತೊಳೆಯೋದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನಾನು ಬರೀ ಅವಕ್ಕೆ ಗಾಳಿ ಹಾಕೋಳು!"

ಚಿಕ್ಕಮ್ಮ ನಗಲಿಲ್ಲ. ಆದರೆ ಆ ಹುಡುಗಿಗೆ ಆ ಕೆಲಸದ ಮೇಲೆ ಜೀವ. ನಮ್ಮ ಅಡುಗೆಮನೆಯ ಗಾಜಿನ ಜಾಡಿಯಲ್ಲಿ ಮಣ್ಣು ನೀರು ಕಲಸಿಟ್ಟು, ಕೆಸರು ಅರ್ಧ ಗಂಟೆಯಲ್ಲಿ ಎಷ್ಟು ತಳ ಸೇರುತ್ತೆ ಅಂತ ಗಡಿಯಾರ ಹಿಡಿದು ಕೂರೋಳು. ನನ್ನ ಒಳ್ಳೆ ಜಾಡಿ ಅದು. ಬೈದು ಬೈದು ನನಗೇ ಸಾಕಾಯಿತು.

ಇವರಿಗೆ ಕಲಿಸುತ್ತಿದ್ದ ಹಿರಿಯ ಆಪರೇಟರ್‌ನ ಎಲ್ಲರೂ ಮೇಷ್ಟ್ರು ಅಂತಿದ್ದರು. ಮಾತು ಕಮ್ಮಿ. ಎರಡು ಪಾಠ ಮಾತ್ರ ದಿನಾ ಹೇಳೋರು. ಮೊದಲನೇದು ವಾಸನೆಯ ಪಾಠ. "ವಾಸನೆ ಬರ್ತಿದ್ರೆ ಪರವಾಗಿಲ್ಲ. ಬರ್ತಿದ್ದ ವಾಸನೆ ಇದ್ದಕ್ಕಿದ್ದ ಹಾಗೆ ನಿಂತ್ರೆ ಓಡು." ಯಾಕೆಂದರೆ ಬಾವಿಯೊಳಗಿನ ವಿಷಗಾಳಿ ಜಾಸ್ತಿಯಾದರೆ ಮೊದಲು ಮೂಗನ್ನೇ ಸಾಯಿಸುತ್ತಂತೆ. ಆಮೇಲೆ ಮನುಷ್ಯನನ್ನು.

ಎರಡನೇದು ಏಟಿನ ಪಾಠ. ಪಂಪಿನ ಸದ್ದಿನಲ್ಲಿ ಕೂಗಿದರೆ ಕೇಳಲ್ಲ. ಏಣಿಯ ಕಬ್ಬಿಣಕ್ಕೆ ಸ್ಪ್ಯಾನರ್‌ನಿಂದ ತಟ್ಟಿದರೆ ಕೇಳುತ್ತೆ. ಒಳಗೆ ಇಳಿದವರು ಆಗಾಗ ಎರಡು ತಟ್ಟಬೇಕು: 'ಸರಿಯಾಗಿದ್ದೀನಿ.' ಮೇಲೆ ನಿಂತವರು ಒಂದು ತಟ್ಟಬೇಕು: 'ನಾನಿಲ್ಲಿದ್ದೀನಿ, ಕೆಲಸ ಮಾಡು.' ಮೇಲಿನಿಂದ ನಾಲ್ಕು ಏಟು ಬಂದರೆ: 'ಸಾಕು, ಹತ್ತಿ ಬಾ.' ಇನ್ನೊಂದು ನಿಯಮ. ಉತ್ತರ ಕೊಟ್ಟವರು ಒಳಗಿನವರು ಹತ್ತಿ ಬರುವವರೆಗೆ ಜಾಗ ಬಿಟ್ಟು ಕದಲಬಾರದು. ಏನೇ ಆಗಲಿ.

ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ದಿನಾ ಡ್ಯೂಟಿ ಮುಗಿಸಿ ಹೋಗುವಾಗ ಆ ಮುಚ್ಚಳದ ಮೇಲೆ ಸ್ಪ್ಯಾನರ್‌ನಿಂದ ಒಂದೇ ಒಂದು ಏಟು. ಟಣ್. ಆಮೇಲೆ ಹೊರಟುಹೋಗೋರು. ಮುದುಕರಿಗೆ ಏನೇನೋ ಅಭ್ಯಾಸ ಇರುತ್ತೆ ಅಂತ ಯಾರೂ ಕೇಳಲಿಲ್ಲ.

ಆ ವಾರ ಮೇಷ್ಟ್ರಿಗೆ ಜ್ವರ. ನಾಲ್ಕು ದಿನ ಬಂದಿರಲಿಲ್ಲ.

ನಾಲ್ಕನೇ ರಾತ್ರಿ ಇರುವೆ ಬಾವಿ ದಾಟುತ್ತಿದ್ದಾಳೆ. ಆ ಜಾಗದಲ್ಲಿ ಯಾವಾಗಲೂ ಕೊಳೆತ ಮೊಟ್ಟೆಯ ನಾತ. ಅವತ್ತೂ ಇತ್ತು. ಒಂದು ಹೆಜ್ಜೆ... ಇನ್ನೊಂದು ಹೆಜ್ಜೆ... ನಾತ ನಿಂತುಹೋಯಿತು.

ಪಂಪು ಕೂಡ ಓಡುತ್ತಿರಲಿಲ್ಲ. ಎಲ್ಲಾ ಸ್ತಬ್ಧ.

ಟಣ್... ಟಣ್.

ಕೆಳಗಿನಿಂದ. ಮುಚ್ಚಳದ ಕೆಳಗಿನಿಂದ. ಎರಡು ಏಟಿನ ನಡುವೆ ಒಂದು ಉಸಿರು ಎಳೆಯುವಷ್ಟು ಹೊತ್ತು, ಮೇಷ್ಟ್ರು ಕಲಿಸಿದ ಹಾಗೇ.

ಓಡಿ ಬಂದಳು ಅಂದುಕೊಂಡಿರಾ? ಇಲ್ಲ. ಸುಮಾರು ಮೂರು ತಿಂಗಳು ದಿನಾ ಅದನ್ನೇ ಮಾಡಿದ ಕೈ ನೋಡಿ, ತಲೆಯನ್ನು ಕೇಳಲೇ ಇಲ್ಲ. ಬಗ್ಗಿ, ಬೀಗ ಹಿಡಿದು, ಮುಚ್ಚಳಕ್ಕೆ ಒಂದು ಏಟು ಕೊಟ್ಟಳು. ಟಣ್. ಆಮೇಲೆ ಅವಳಿಗೆ ಹೊಳೆಯಿತು... ಕೈಯಲ್ಲಿ ಹಿಡಿದದ್ದು ಹಾಕಿದ ಬೀಗ.

ಓಡಿ ಹೋಗಿ ಪಂಪ್‌ಮನೆಯ ಗೇಟಿನ ಕಾವಲುಗಾರನನ್ನು ಎಬ್ಬಿಸಿದಳು.

"ಬಾವೀಲಿ ಯಾರಾದ್ರೂ ಇಳಿದಿದ್ದಾರಾ?"

"ಯಾರಿಲ್ಲಮ್ಮ. ಬೀಗದ ಕೈ ನನ್ನ ಜೇಬಲ್ಲೇ ಇದೆಯಲ್ಲ."

ಆದರೂ ಪುಣ್ಯಾತ್ಮ ಬಂದು ಬೀಗ ತೆಗೆದ, ಟಾರ್ಚ್ ಬಿಟ್ಟ. ನಾತ ಗಪ್ಪಂತ ಮುಖಕ್ಕೆ ಹೊಡೆಯಿತು. ಕೆಳಗೆ ಏಣಿ, ಕಪ್ಪು ನೀರು. ಇನ್ನೇನೂ ಇಲ್ಲ.

ಮನೆಗೆ ಬಂದವಳು ಊಟ ಮಾಡಲಿಲ್ಲ. ಹತ್ತು ಸಲ ಕೈ ತೊಳೆದಳು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ, ಗಮನ ಕೊಡಲಿಲ್ಲ. ಮಧ್ಯರಾತ್ರಿ ಎಚ್ಚರವಾದಾಗ ಅವಳು ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿದ್ದಳು.

"ಏನೇ ಇದು, ಮಲಗೇ."

"ಶ್... ಕೇಳು."

ಬಚ್ಚಲುಮನೆಯ ಪೈಪಿನಲ್ಲಿ. ಟಣ್... ಟಣ್.

ನಾನೂ ಕೇಳಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ.

"ನೀರಿನ ಒತ್ತಡ ಕಣೇ. ಪೈಪು ಹಳೇದು."

"ಒತ್ತಡಕ್ಕೆ ಎಣಿಸೋಕೆ ಬರುತ್ತಾ ಅಕ್ಕಾ?"

ನಾನು ಎದ್ದು ಹೋಗಿ ನಲ್ಲಿ ಬಿಗಿದು ಬಂದೆ. ಮಾರನೇ ರಾತ್ರಿ ಕಿಟಕಿಯ ಸರಳಿನಲ್ಲಿ. ಅದರ ಮಾರನೇ ರಾತ್ರಿ ಅವಳ ಮಂಚದ ಕಾಲಿನಲ್ಲಿ. ಯಾವಾಗಲೂ ಎರಡೇ. ಮೂರಾಗಲಿಲ್ಲ, ಒಂದಾಗಲಿಲ್ಲ. ಅವಳು ನಿದ್ದೆಯಿಲ್ಲದೆ ಅರ್ಧ ಆದಳು. ಹಗಲು ಕೂಡ ಒಂದು ಕಡೆ ನಿಲ್ಲೋಳಲ್ಲ, ಲೋಟ ಇಟ್ಟ ಸದ್ದಿಗೂ ಬೆಚ್ಚಿ ಬೀಳೋಳು.

"ನಿಯಮ ಇದೆ ಅಕ್ಕಾ," ಅಂದಳು ಪಿಸುಮಾತಿನಲ್ಲಿ. "ಉತ್ತರ ಕೊಟ್ಟವರು ಜಾಗ ಬಿಡಬಾರದು. ನಾನು ಬಿಟ್ಟು ಬಂದೆ... ಅದಕ್ಕೇ ಹುಡುಕ್ಕೊಂಡು ಬರ್ತಿದೆ."

ಸೋಮವಾರ ಪರೀಕ್ಷೆ. ಪರೀಕ್ಷೆ ಅಂದರೆ ಅದೇ ಬಾವಿಗೆ ಇಳಿಯುವುದು. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಎದೆಗೆ ಗ್ಯಾಸ್ ಮೀಟರ್. ಮೇಲೆ ಮೇಷ್ಟ್ರು. ಇಳಿದು ಪಂಪು ನೋಡಿ ಹತ್ತಿ ಬರಬೇಕು. ಇಳಿಯದಿದ್ದರೆ ಸರ್ಟಿಫಿಕೇಟ್ ಇಲ್ಲ, ಚಿಕ್ಕಮ್ಮನ ಮಾತೇ ಗೆದ್ದ ಹಾಗೆ. ಶುಕ್ರವಾರ ನೋಡಿದರೆ ಇವಳು ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಾಳೆ. ಬ್ಯಾಗು ಅವಳ ಕೈಯಿಂದ ಕಿತ್ತು ಮಂಚದ ಮೇಲೆ ಒಗೆದೆ. ನನ್ನ ಜಾಡಿ ಹಾಳು ಮಾಡಿ ಕಲಿತ ಕೆಲಸ ಅದು!

"ಹೋಗೋದಾದ್ರೆ ಹೋಗು. ಆದ್ರೆ ಮೇಷ್ಟ್ರಿಗೆ ಹೇಳಿ ಹೋಗು. ಕದ್ದು ಹೋಗ್ಬೇಡ."

ಅವತ್ತು ಮೇಷ್ಟ್ರು ಜ್ವರ ಬಿಟ್ಟು ಕೆಲಸಕ್ಕೆ ಬಂದಿದ್ದರು. ರಾತ್ರಿ ಡ್ಯೂಟಿ ಮುಗಿದ ಮೇಲೆ ಬಾವಿಯ ಹತ್ತಿರವೇ ಅವರನ್ನು ತಡೆದಳು.

"ಸಾರ್... ಬಾವೀಲಿ ಸದ್ದು."

ಅವರು ಏನು ಸದ್ದು ಅಂತ ಕೇಳಲಿಲ್ಲ.

"ಎಷ್ಟು?"

"ಎರಡು."

"ನೀನೇನು ಮಾಡ್ದೆ?"

"ಒಂದು ಕೊಟ್ಟೆ ಸಾರ್."

ಮೇಷ್ಟ್ರು ಮುಚ್ಚಳದ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದರು, ಹತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು.

ಆಗ ಅವರ ಜೊತೆ ಒಬ್ಬ ಇದ್ದ. ಎತ್ತರದ ಆಳು, ಉದ್ದಣ್ಣ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಆಗ ಬೆಲ್ಟಿಲ್ಲ, ಮೀಟರಿಲ್ಲ. ಪಂಪಿಗೆ ಬಟ್ಟೆ ಸಿಕ್ಕಿಕೊಂಡಿತ್ತು. ಉದ್ದಣ್ಣ ಇಳಿದ, ಮೇಷ್ಟ್ರು ಮೇಲೆ ನಿಂತರು. ಎರಡು... ಒಂದು. ಎರಡು... ಒಂದು. ಅಷ್ಟರಲ್ಲಿ ಪಂಪ್‌ಮನೆಯ ಫೋನು ಹೊಡೆಯಿತು. ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು, ಹೆರಿಗೆಗೆ.

"ಎರಡೇ ನಿಮಿಷ ಕಣಮ್ಮಾ. ಮಗಳು ಹುಟ್ಟಿದ್ಲು ಅಂದ್ರು. ಓಡಿ ಬಂದೆ, ಅವನಿಗೇ ಮೊದಲು ಹೇಳೋಣ ಅಂತ. ಒಂದು ತಟ್ಟಿದೆ... ಎರಡು ಬರಲಿಲ್ಲ."

ಇಳಿಯಲು ಕಾಲು ಮುಂದಿಟ್ಟರಂತೆ. ಇಳಿದಿದ್ದರೆ ಅವರೂ ಇರುತ್ತಿರಲಿಲ್ಲ. ಫೋನ್ ಮಾಡಿ ಜನ ಕರೆಸಿದರು. ಹೆಣ ಎತ್ತಿದರು. ಆ ಎರಡು ನಿಮಿಷದಲ್ಲಿ ಉದ್ದಣ್ಣ ತಟ್ಟಿರಬೇಕಾದ ಎರಡಕ್ಕೆ ಮಾತ್ರ ಉತ್ತರ ಹೋಗಲೇ ಇಲ್ಲ.

"ಒಂದು ವಾರ ಆದ್ಮೇಲೆ ಸದ್ದು ಶುರುವಾಯ್ತು. ಅವತ್ತಿಂದ ದಿನಾ ಒಂದು ಕೊಡ್ತೀನಿ. ನಾನು ಕೊಟ್ರೆ ಆ ರಾತ್ರಿ ಸುಮ್ನಿರ್ತಾನೆ."

ಇರುವೆ ಅಳುತ್ತಿದ್ದಳು. ಅಳುತ್ತಲೇ ಅವಳ ತಲೆ ಓಡುತ್ತಿತ್ತು. ಅವಳು ಇರೋದೇ ಹಾಗೆ.

"ಸಾರ್... ಒಂದು ಅಂದ್ರೆ ಏನು?"

"ಗೊತ್ತಿಲ್ವಾ? ನಾನಿಲ್ಲಿದ್ದೀನಿ, ಕೆಲಸ ಮಾಡು."

"ಅದಕ್ಕೇ ಮಾಡ್ತಾನೇ ಇದ್ದಾರೆ, ಸಾರ್."

ಮೇಷ್ಟ್ರು ತಲೆಯೆತ್ತಿದರು.

"ಹತ್ತೊಂಬತ್ತು ವರ್ಷದಿಂದ ನೀವು ಕೆಲಸ ಮಾಡು ಅಂತಲೇ ಹೇಳ್ತಿದ್ದೀರಿ. ನಾನೂ ಅದನ್ನೇ ಹೇಳಿಬಿಟ್ಟೆ. ನಾಲ್ಕು... ಯಾವತ್ತಾದ್ರೂ ಕೊಟ್ರಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ನಾಲ್ಕು ಕೊಟ್ಟು... ಅವನು ಹತ್ತಿ ಬರದೇ ಇದ್ರೆ ಏನ್ಮಾಡ್ಲಿ?"

ಅದಕ್ಕೆ ಇವಳೇನು ಹೇಳಿಯಾಳು? ಸುಮ್ಮನೆ ಹೋಗಿ ಕಾವಲುಗಾರನಿಂದ ಬೀಗದ ಕೈ ತಂದಳು. ಮುಚ್ಚಳ ಹಾಕಿದ್ದರೆ ಹತ್ತಿ ಬರುವವರು ಹೇಗೆ ಬರಬೇಕು? ಇಬ್ಬರೂ ಸೇರಿ ಎತ್ತಿದರು. ಕಿರ್ರ್... ಅಂತ ಕೀಲು ಅರಚಿತು. ಮೇಷ್ಟ್ರು ಮಂಡಿಯೂರಿ ಏಣಿಯ ತುದಿಗೆ ಸ್ಪ್ಯಾನರ್ ಹಿಡಿದರು.

ಟಣ್. ಟಣ್. ಟಣ್.

ಕೈ ನಿಂತಿತು. ಕೊನೆಯದು ಬರಲಿಲ್ಲ... ಇವಳು ಅವರ ಭುಜ ಮುಟ್ಟಿದಳು.

ಟಣ್.

ನಾತ ನಿಂತಿತು.

ಕೆಳಗೆ ನೀರು ಬುಳುಕ್ ಅಂತು. ಆಮೇಲೆ ಕಬ್ಬಿಣದ ಮೇಲೆ ಒದ್ದೆ ಬೂಟು. ಪಚ್... ಸ್ವಲ್ಪ ಹೊತ್ತು... ಪಚ್. ಇರುವೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಹೆದರಿಕೆಯಾದಾಗ ಎಣಿಸೋದು ಅವಳ ಅಭ್ಯಾಸ, ಎಣಿಸಿದಳು. ಐದು... ಆರು... ದಣಿದವರು ಹತ್ತುವ ಹಾಗೆ ನಿಧಾನ. ಹನ್ನೊಂದು... ಹನ್ನೆರಡು... ಪಕ್ಕದಲ್ಲಿ ಮೇಷ್ಟ್ರು ಒಂದು ಹೆಜ್ಜೆ ಸರಿದದ್ದು ಕೇಳಿಸಿತು, ಹತ್ತಿ ಬರುವವರಿಗೆ ಜಾಗ ಬಿಡುವ ಹಾಗೆ. ಕಣ್ಣು ಬಿಟ್ಟಾಗ ಅವರು ಬಾವಿಯ ಬಾಯಿಯ ಮೇಲೆ ಕೈ ಚಾಚಿ ನಿಂತಿದ್ದರು. ಅವರ ಮುಂದೆ ಯಾರೂ ಇರಲಿಲ್ಲ.

"ಮಗಳು ಕಣೋ," ಅಂದರು ಮೇಷ್ಟ್ರು, ಮೆಲ್ಲಗೆ. "ಹೆಣ್ಣು ಮಗು."

ಆಮೇಲೆ ನಾತ ಬಂತು. ಪಂಪು ತಾನಾಗೇ ಗುಂಯ್ ಅಂತ ಶುರುವಾಯಿತು.

ಆ ರಾತ್ರಿ ಮನೆಗೆ ಬಂದು ನನಗೆ ಇಷ್ಟನ್ನೂ ಹೇಳಿದಳು. ಎಷ್ಟು ಹೆಜ್ಜೆ ಅಂತ ನಾನು ಕೇಳಿದೆ. ನಾನು ಲೆಕ್ಕದ ಟೀಚರ್, ನನಗೆ ಅದೇ ಮೊದಲು ಹೊಳೆಯೋದು. ಅವಳು ನನ್ನ ಕೆಂಪು ಪೆನ್ನು ತಗೊಂಡು, ಒಂದು ಹಾಳೆಯಲ್ಲಿ ಒಂದೊಂದಾಗಿ ನೆನಪಿಸಿಕೊಂಡು ಗೀಟು ಹಾಕಿದಳು. ಮೂಲೆಯಲ್ಲಿ ತಾರೀಕು ನಾನೇ ಬರೆದೆ. ಆಮೇಲೆ ಮಲಗಿದಳು. ಪೈಪು ಸುಮ್ಮನಿತ್ತು. ಎಂಟು ಗಂಟೆ ಅಲುಗಾಡದೆ ಮಲಗಿದಳು, ನಾನೇ ಎರಡು ಸಲ ಎದ್ದು ಉಸಿರು ನೋಡಿದೆ.

ಸೋಮವಾರ ಬಾವಿಗೆ ಇಳಿದಳು. ಮೆಟ್ಟಿಲು ಎಣಿಸಿಕೊಂಡೇ ಇಳಿದಳು. ಹನ್ನೆರಡು, ಹದಿಮೂರು, ಹದಿನಾಲ್ಕು... ಕಾಲು ತಳದ ಕಟ್ಟೆಗೆ ತಾಗಿತು. ತಲೆಯೆತ್ತಿ ಏಣಿಯನ್ನು ಇನ್ನೊಮ್ಮೆ ಎಣಿಸಿದಳು, ಹದಿನಾಲ್ಕೇ. ಎರಡು ತಟ್ಟಿದಳು. ಮೇಲಿನಿಂದ ಒಂದು ಬಂತು. ಪಂಪು ನೋಡಿದಳು, ನಾಲ್ಕು ಬಂದಾಗ ಹತ್ತಿದಳು. ಬೆಲ್ಟು ಬಿಚ್ಚುವ ಮೊದಲೇ ಕೇಳಿದಳು.

"ಸಾರ್, ಏಣಿಗೆ ಹದಿನಾಲ್ಕೇ ಮೆಟ್ಟಿಲಾ?"

"ಹೂಂ. ಒಂಬತ್ತು ವರ್ಷದ ಹಿಂದೆ ಹೊಸದು ಹಾಕಿದ್ರು. ಇದ್ರಲ್ಲಿ ಅಂತರ ಜಾಸ್ತಿ."

"ಹಳೇದಕ್ಕೆ?"

ಮೇಷ್ಟ್ರು ಅವಳ ಮುಖ ನೋಡಿದರು. "ಹದಿನೇಳು. ಯಾಕೆ?"

ಅವಳು ಪಾಸಾದಳು. ಈಗ ಅಲ್ಲೇ ಕೆಲಸ. 'ನನ್ನ ಮಗಳು ಊರಿನ ನೀರು ನೋಡ್ಕೊಳ್ತಾಳೆ' ಅಂತ ಚಿಕ್ಕಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಮೇಷ್ಟ್ರು ಮನೆಗೆ ಹೋಗುವಾಗ ಮುಚ್ಚಳ ತಟ್ಟುವುದಿಲ್ಲ, ಸುಮ್ಮನೆ ಹೋಗುತ್ತಾರೆ.

ನಗ್ತಿದ್ದೀರಾ? ನಗಿ. ನಾನೇ ಹೋಗಿ, ಮುಚ್ಚಳ ತೆಗೆಸಿ, ಟಾರ್ಚ್ ಹಿಡಿದು ಎರಡು ಸಲ ಎಣಿಸಿ ಬಂದಿದ್ದೀನಿ. ಹದಿನಾಲ್ಕೇ. ಅವಳು ಆ ಶುಕ್ರವಾರ ರಾತ್ರಿ ಗೀಟು ಹಾಕಿದ ಹಾಳೆ ಅಗೋ, ಆ ಡ್ರಾಯರಿನಲ್ಲಿದೆ. ದೀಪ ಹಾಕಿ ನೀವೇ ಎಣಿಸಿ. ಹದಿನೇಳು ಇವೆ.