ಅಮ್ಮನ ಅಂಗೈ ಮೇಲೆ ಚಿಕ್ಕಮ್ಮ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಬಹುಮಾನ ಕೊಟ್ಟ ಅತಿಥಿಗಳೇ, ಫೋಟೋ ಕ್ಲಬ್ಬಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಈಗಾಗಲೇ ನಗುತ್ತಿರುವ ನನ್ನ ರೂಮ್‌ಮೇಟೇ, ಮತ್ತು ಸಭಿಕರೇ,

ಮೊದಲಿಗೆ, ಮಾತನಾಡಲು ನಿಂತದ್ದಕ್ಕೇ ಕ್ಷಮೆ ಇರಲಿ. ಬಹುಮಾನ ತೆಗೆದುಕೊಂಡು ಸುಮ್ಮನೆ ಇಳಿದುಹೋಗುವುದು ನನ್ನ ಯೋಚನೆಯಾಗಿತ್ತು. ಫಸ್ಟ್ ಇಯರಿನವರು ಎರಡು ಮಾತು ಆಡಲೇಬೇಕೆಂದು ಕ್ಲಬ್ಬಿನ ಕಾರ್ಯದರ್ಶಿ ಪಟ್ಟು ಹಿಡಿದದ್ದರಿಂದ ಬರೆದುಕೊಂಡು ಬಂದಿದ್ದೇನೆ. ನನ್ನದು ಹಾಸ್ಟೆಲಿನಲ್ಲಿ ಬೆಳೆದ ಕನ್ನಡ. ಅರ್ಧ ಇಂಗ್ಲಿಷು, ಅರ್ಧ ಹಸಿವು. ತಪ್ಪಿದ್ದರೆ ನಕ್ಕುಬಿಡಿ, ಆದರೆ ಸ್ವಲ್ಪ ಮೆಲ್ಲಗೆ.

ಗೋಡೆಯ ಮೇಲಿನ ಚಿತ್ರವನ್ನು ತಾವೆಲ್ಲ ನೋಡಿದ್ದೀರಿ. ನೆಲಕ್ಕೆ ಕೂತ ಒಬ್ಬ ಹೆಂಗಸು. ಅವರು ಚಾಚಿದ ಅಂಗೈ ಮೇಲೆ, ಸೊಂಟಕ್ಕೆ ಕೈ ಕೊಟ್ಟು ನಿಂತ, ಬೆರಳುದ್ದದ ಇನ್ನೊಬ್ಬ ಹೆಂಗಸು. ದೊಡ್ಡವರು ನಮ್ಮಮ್ಮ. ಬೆರಳುದ್ದದವರು ಅಮ್ಮನ ತಂಗಿ, ನನ್ನ ಚಿಕ್ಕಮ್ಮ. ಅಕ್ಕತಂಗಿಯರ ಅಕ್ಕರೆ ಈ ಚಿತ್ರದಲ್ಲಿ ತುಂಬಿ ತುಳುಕುತ್ತಿದೆ ಎಂದು ತೀರ್ಪುಗಾರರು ಬರೆದಿದ್ದಾರೆ. ದೊಡ್ಡವರ ಮಾತಿಗೆ ನಾನು ಎದುರಾಡುವುದಿಲ್ಲ. ಆಕ್ಚುವಲಿ, ಆ ಹೊತ್ತಿಗೆ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಈ ಕಣ್ಕಟ್ಟು ಹೇಗೆ ಮಾಡುವುದೆಂದು ಹಲವರು ಕೇಳಿದಿರಿ. ಹತ್ತಿರವಿದ್ದದ್ದು ದೊಡ್ಡದು, ದೂರವಿದ್ದದ್ದು ಚಿಕ್ಕದು. ಕ್ಯಾಮೆರಾಕ್ಕೆ ಒಂದೇ ಕಣ್ಣು, ನಡುವಿನ ದೂರ ಅದಕ್ಕೆ ತಿಳಿಯದು. ಇಬ್ಬರೂ ಫೋಕಸಿನಲ್ಲಿರುವಷ್ಟು ಬೆಳಕು ಬೇಕು. ಕ್ಯಾಮೆರಾ ನೆಲಕ್ಕೆ ಅಂಟಿರಬೇಕು. ಮುಖ್ಯವಾಗಿ, ಇಬ್ಬರೂ ಒಬ್ಬರಿಂದೊಬ್ಬರು ಬಹಳ ದೂರ ಇರಬೇಕು. ಅಷ್ಟು ದೂರವಿರಲು ಸಂತೋಷದಿಂದ ಒಪ್ಪುವ ಇಬ್ಬರು ನಮ್ಮ ಮನೆಯಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು?

ಜಗಳ ಕಿಟಕಿಯ ಪರದೆಯದು. ಚಿಕ್ಕಮ್ಮ ಟೈಲರ್, ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವವರು. ಅಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ನಮ್ಮ ಮನೆಗೆ ಚಿಕ್ಕಮ್ಮ ಹೊಲಿದುಕೊಟ್ಟ ಪರದೆ ಎರಡಂಗುಲ ಗಿಡ್ಡವಾಯಿತು. ಅಮ್ಮ ನೇರ ಹೋಗಿ, ಗಿರಾಕಿಗಳ ಮುಂದೆಯೇ, "ಒಂದ್ಸಲ ನಮ್ಮ ಅಂಗಡಿಗೆ ಬಾ, ಕಣ್ಣು ಟೆಸ್ಟ್ ಮಾಡಿಸ್ತೀನಿ" ಅಂದರು. ಈ ಮಾತನ್ನು ಅಮ್ಮ ಬಸ್ ಕಂಡಕ್ಟರಿಗೂ ಹೇಳುತ್ತಾರೆ. ಆದರೆ ಕಣ್ಣನ್ನೇ ನಂಬಿ ಹೊಟ್ಟೆ ಹೊರೆಯುವವರಿಗೆ ಅದು ಹೇಗೆ ಕೇಳಿಸೀತು?

ಅಂದಿನಿಂದ ಅಮ್ಮನ ಬಾಯಲ್ಲಿ "ಪುಟ್ಟಿ" ಹೋಗಿ "ಆ ಟೈಲರಮ್ಮ" ಬಂತು. ರಜೆಯಲ್ಲಿ ನಾನು ಎರಡು ಮನೆಗಳ ನಡುವಿನ ಅಂಚೆಯವಳು. ಒಂದು ಗುಟ್ಟು ಹೇಳಿದರೆ ಅಮ್ಮ ಬೈಯುತ್ತಾರೆ, ಆದರೂ ಹೇಳಿಬಿಡುತ್ತೇನೆ: ಆ ಪರದೆ ಇನ್ನೂ ಹಾಗೇ ತೂಗುತ್ತಿದೆ. ಬೆಳಗಿನ ಬಿಸಿಲು ಆ ಸಂದಿಯಿಂದ ನುಗ್ಗಿ ನೇರ ನನ್ನ ಮುಖಕ್ಕೆ ಹೊಡೆಯುತ್ತದೆ. ಬೇರೆ ಟೈಲರಿಗೆ ಕೊಡೋಣವೆಂದರೆ, "ಅದಕ್ಕೆ ಬೇರೆಯವರ ಕೈ ಬೀಳೋದು ಬೇಡ" ಅನ್ನುತ್ತಾರೆ.

ಸ್ಪರ್ಧೆಯ ಸುದ್ದಿ ಬಂದಾಗ ಅಮ್ಮನಿಗೆ, ಚಿತ್ರದಲ್ಲಿ ನೀನೇ ದೊಡ್ಡವಳು ಅಂದೆ. ಚಿಕ್ಕಮ್ಮನಿಗೆ, ಎಲ್ಲರ ಕಣ್ಣೂ ನಿಮ್ಮ ಮೇಲೇ ಅಂದೆ. ಎರಡೂ ಸುಳ್ಳಲ್ಲ, ಅಲ್ಲವೇ? ಭಾನುವಾರ, ಕಾಲೇಜಿನ ಖಾಲಿ ಪಾರ್ಕಿಂಗಿನಲ್ಲಿ, ಅಮ್ಮ ಈ ತುದಿಯಲ್ಲಿ ಕೂತು ಕೈ ಚಾಚಿದರು. ಚಿಕ್ಕಮ್ಮ ಆ ತುದಿಯಲ್ಲಿ ನಿಂತರು. ನಾನು ನೆಲದ ಮೇಲೆ ಬೋರಲು ಮಲಗಿದೆ. ಎಷ್ಟು ಮಾಡಿದರೂ ಪಾದ ಅಂಗೈಗೆ ಕೂರದು. ಚಿಕ್ಕಮ್ಮ ಒಮ್ಮೆ ಗಾಳಿಯಲ್ಲಿ ತೇಲುತ್ತಾರೆ, ಒಮ್ಮೆ ಅಮ್ಮನ ಮಣಿಕಟ್ಟಿನಲ್ಲಿ ಮೊಳಕೆಯೊಡೆಯುತ್ತಾರೆ. ಎಡಕ್ಕೆ, ಬಲಕ್ಕೆ ಎಂದು ಕೂಗಿ ನನ್ನ ಗಂಟಲು ಒಣಗಿತು. ಕೊನೆಗೆ ಎಲ್ಲ ಸರಿಯಾಯಿತು ಅನ್ನುವಾಗ ಅಮ್ಮನ ಕೈ ಸೋತು ಇಳಿಯಿತು.

ಆಗ ಆ ತುದಿಯಿಂದ ದನಿ ಬಂತು. "ಅಕ್ಕಾ, ಕೈ ಎರಡಂಗುಲ ಮೇಲೆ."

ಅಮ್ಮ ತಿರುಗಿ ನೋಡಲಿಲ್ಲ. "ಯಾವ ಎರಡಂಗುಲ ಪುಟ್ಟಿ, ನಮ್ಮ ಕಿಟಕೀದಾ?"

"ಮೊದಲು ಎತ್ತು. ಆಮೇಲೆ ಜಗಳ ಆಡು."

ಕೈ ಮೇಲೇರಿತು. ಎಷ್ಟು ಇಳಿದಿತ್ತೋ ಸರಿಯಾಗಿ ಅಷ್ಟೇ. ಪಾದ ಅಂಗೈ ಮೇಲೆ ಕೂತಿತು. ಚಿತ್ರದಲ್ಲಿ ಅಮ್ಮನ ತುಟಿ ಒಂದು ಕಡೆ ಓರೆಯಾಗಿದೆಯಲ್ಲ, ಅದು ನಗುವನ್ನು ನುಂಗಿಕೊಂಡ ಗುರುತು.

ಮುಗಿಯಿತು ಅಂದುಕೊಂಡಿರಾ? ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿ ಹೋದರು. ಪುನಃ ಮೌನ. ಚಿತ್ರ ಕಳಿಸಿದಾಗ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಅವಳು ಸೊರಗಿದಾಳಾ, ಇಲ್ಲ ದೂರಕ್ಕೆ ಹಾಗೆ ಕಾಣ್ತಾಳಾ?" ನಾನೇನು ಹೇಳಲಿ? ಅದನ್ನು ಹತ್ತಿರ ಹೋಗಿಯೇ ನೋಡಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಕ್ಲಬ್ಬಿನವರಿಗೆ ಈ ಚಿತ್ರದ ಜೋಡಿ ಬೇಕಂತೆ; ಅದರಲ್ಲಿ ಚಿಕ್ಕಮ್ಮ ದೊಡ್ಡವರು, ಅಮ್ಮ ಅವರ ಅಂಗೈ ಮೇಲೆ. ಇಬ್ಬರೂ ಈ ಸಭೆಯಲ್ಲೇ ಇದ್ದಾರೆ, ಒಬ್ಬರು ಮುಂದಿನ ಸಾಲಿನಲ್ಲಿ, ಇನ್ನೊಬ್ಬರು ಹಿಂದೆ ಬಾಗಿಲ ಬಳಿ. ನಾನು ನಿಂತ ಜಾಗದಿಂದ ನೋಡಿದರೆ, ಅಮ್ಮನ ಭುಜದ ಮೇಲೆ ಚಿಕ್ಕಮ್ಮ ಕೂತಂತೆಯೇ ಕಾಣುತ್ತದೆ.

ಸಹನೆಯಿಂದ ಕೇಳಿದ ತಮಗೆಲ್ಲ ಧನ್ಯವಾದ, ನಮಸ್ಕಾರ.

ಅಮ್ಮಾ, ಚಿಕ್ಕಮ್ಮಾ, ಬರುವ ಭಾನುವಾರ ಬರುತ್ತೀರಾ, ಒಂದೇ ಬಸ್ಸಿನಲ್ಲಿ? ಟೇಪು ತರುವುದು ಬೇಡ. ಸಭೆ ಮುಗಿಯುವುದರೊಳಗೆ ಕಾರ್ಯದರ್ಶಿಗೆ ತಿಳಿಸಬೇಕು, ತಲೆಯಾಡಿಸಿದರೂ ಸಾಕು. ದಯವಿಟ್ಟು ಬೇಗ ಉತ್ತರ ಕೊಡಿ.