ತಪ್ಪೊಪ್ಪಿಗೆಯ ಪಾಠ

ಕೌಂಟಿ ನ್ಯಾಯಾಲಯದ ಎತ್ತರದ ಕಿಟಕಿಗಳಿಂದ ಹಿಮದ ಬೆಳಕು ಇಳಿದು, ಮೊಗಸಾಲೆಯೆಲ್ಲ ನೀರಿನೊಳಗೆ ಮುಳುಗಿದಂತಿತ್ತು. ಜೂರಿಗೆ ಕರೆ ಬಂದ ನಾನು ಬೆಂಚಿನ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ, ವಕೀಲರು ಬರೆದುಕೊಟ್ಟ ಹಾಳೆ ಹಿಡಿದು, ತಂಗಿಯ ಮಗನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

“ತಪ್ಪು ಒಪ್ಕೊಳ್ಳೋಕೆ ಯಾರಾದ್ರೂ ಬಲವಂತ ಮಾಡಿದ್ರಾ ಅಂತ ಜಡ್ಜು ಕೇಳ್ತಾರೆ.”

“ಇಲ್ಲ ಸಾರ್.”

“ಜಡ್ಜು ಹೆಂಗಸು ಕಣೋ ಲೀಲಂಡ್!”

“ಇಲ್ಲ ಮೇಡಂ.”

“ಅಂಗಡಿ ಬೀಗ ಒಡೆದಿದ್ದು ನೀನೇನಾ?”

“ಹೌದು ಮೇಡಂ, ನಾನೇ.”

“ಹಾಗೇ ಹೇಳು. ತಡವರಿಸಬೇಡ.”

“ದೊಡ್ಡಮ್ಮಾ, ಒಪ್ಕೊಳ್ದೇ ಇದ್ರೆ?”

“ವಿಚಾರಣೆ ನಡೆಯುತ್ತೆ. ಸೋತ್ರೆ ಆರು ವರ್ಷ ಜೈಲು. ಒಪ್ಕೊಂಡ್ರೆ, ಸರ್ಕಾರಿ ವಕೀಲರ ಜೊತೆ ಆಗಿರೋ ಒಪ್ಪಂದದಂತೆ, ಇವತ್ತೇ ಮನೆಗೆ.”

“ಬೀಗ ಒಡೆದ ಹೊತ್ತಲ್ಲಿ ನಾನು ನಿನ್ ಜೊತೆ ಕೆರೆ ಹತ್ರ ಇದ್ದೆ ಅಂತ ನೀನು ಸಾಕ್ಷಿ ಹೇಳಬಹುದಲ್ಲ.”

“ಎತ್ತಿ ಆಡಿಸಿ ಸಾಕಿದೋಳ ಮಾತನ್ನ ಯಾವ ಜೂರಿ ನಂಬ್ತಾರೋ?”

ನಾನು ಕೈಲಿದ್ದ ಜೂರಿ ಚೀಟಿಯನ್ನು ಮೆಲ್ಲನೆ ಜೇಬಿಗೆ ಇಳಿಸಿದೆ.

“ನಿನ್ನೆ ಕನಸಲ್ಲಿ ನಾನೇ ಬೀಗ ಒಡೀತಿದ್ದೆ, ದೊಡ್ಡಮ್ಮಾ. ಕಬ್ಬಿಣ ತಣ್ಣಗೆ ಕೊರೀತಿತ್ತು.”

“ಕನಸು ಬಿಡೋ. ಅವತ್ತು ಕೆರೆ ಮೇಲಿನ ಮಂಜುಗಡ್ಡೆ ಕೊರೆದು ಗಾಳ ಹಾಕಿ ಕೂತಿದ್ವಲ್ಲ, ಅದನ್ನ ನೆನಪಿಟ್ಕೋ. ಅದು ನಿಜ.”

ಪೇದೆ ಬಾಗಿಲು ತೆರೆದು ಅವನ ಹೆಸರು ಕೂಗಿದ. ಹುಡುಗ ಎದ್ದು, ಟೈ ಸರಿಮಾಡಿಕೊಂಡು, ಎರಡು ಹೆಜ್ಜೆ ಇಟ್ಟವನು ತಿರುಗಿ ನಿಂತ.

“ದೊಡ್ಡಮ್ಮಾ, ಅವತ್ತು ನಮಗೆ ಮೀನು ಸಿಕ್ಕಿತ್ತಾ?”

ಮುದುಕಿ ಹಾಳೆಯನ್ನು ನಾಲ್ಕಾಗಿ ಮಡಿಸಿದಳು.

“ಸಿಕ್ಕಿತ್ತು ಕಣೋ. ಹಿಡಿದಿದ್ದು ನೀನೇ.”

“ನಾನೇ,” ಎಂದು ಪಾಠದಂತೆ ಹೇಳಿಕೊಳ್ಳುತ್ತ ಅವನು ಒಳಗೆ ಹೋದ.